ಅಕ್ಕ ಕಾಣೆಯಾದದ್ದನ್ನು ಕಂತುಗಳಲ್ಲಿ ಬರೆದೆ

ಚನ್ನಪಟ್ಟಣದಲ್ಲಿ ತಾಲ್ಲೂಕು ಕಚೇರಿಯ ಎದುರು ಸಾಲಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಟೈಪಿಂಗ್ ಮಾಡುತ್ತಿದ್ದೇನೆ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ವಿಧವಾ ವೇತನ ನಿಂತುಹೋಗಿದೆ, ಬೋರ್‌ವೆಲ್ಲಿಗೆ ಕರೆಂಟು ಬೇಕು ಎಂದು ಜನ ಬಂದು ಹೇಳುತ್ತಾರೆ. ಅವರು ಅರ್ಧ ಗಂಟೆ ಹೇಳಿದ್ದನ್ನು ನಾನು ‘ಮಾನ್ಯರೇ’ ಎಂಬುದರ ಕೆಳಗೆ ಎಂಟು ಸಾಲಿಗೆ ಇಳಿಸುತ್ತೇನೆ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದವಳು ನಾನು. ಅಂದಿನಿಂದ ಅವ್ವನ ಜೊತೆಗಿದ್ದೇನೆ.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದೇ ಕಂಪ್ಯೂಟರಿನಲ್ಲಿ ಒಂದು ಬ್ಲಾಗ್ ಬರೆಯುತ್ತಿದ್ದೆ. ಅವ್ವನ ಬಸ್ಸಾರು, ರಾಮನಗರದ ಬಸ್ಸಿನಲ್ಲಿ ಕೇಳಿದ ಮಾತು, ಪಕ್ಕದ ಬೀದಿಯಲ್ಲಿ ಬೊಂಬೆಗೆ ಅರಗು ಹಚ್ಚುವ ಮುದುಕರು ಕೆಲಸದ ಮಧ್ಯೆ ಟೀ ಕುಡಿಯುವ ರೀತಿ, ಇಂಥವು. ಓದುತ್ತಿದ್ದವರು ಮೂವತ್ತೋ ನಲವತ್ತೋ ಜನ. ಅದರಲ್ಲಿ ಅರ್ಧ ಜನ ನನಗೆ ಮುಖ ಪರಿಚಯದವರು.

ಆಗ ಟಿವಿಯಲ್ಲಿ ಸಂಜೆ ಏಳೂವರೆಗೆ ಒಂದು ಥ್ರಿಲ್ಲರ್ ಧಾರಾವಾಹಿ ಬರುತ್ತಿತ್ತು. ಒಬ್ಬ ಗೃಹಿಣಿ ಮಧ್ಯಾಹ್ನ ಮನೆಯಿಂದ ಹೊರಗೆ ಹೋದವಳು ಮತ್ತೆ ಬರುವುದಿಲ್ಲ. ಒಬ್ಬ ಮಹಿಳಾ ಇನ್‌ಸ್ಪೆಕ್ಟರ್ ಹುಡುಕುತ್ತಾಳೆ. ಅಷ್ಟೇ ಕಥೆ. ಆದರೆ ದೇವರ ಧಾರಾವಾಹಿ ಬಿಟ್ಟು ಬೇರೇನೂ ನೋಡದ ಅವ್ವ ಏಳು ಗಂಟೆಗೇ ಅವರೆಕಾಯಿ ಮೊರವನ್ನು ಟಿವಿ ಮುಂದೆ ತಂದಿಟ್ಟುಕೊಂಡು ಕೂತಿರುತ್ತಿದ್ದಳು.

“ಆ ಗಂಡನೇ ಕಣೆ. ಅವ್ನ್ ಮಕ ನೋಡು,” ಎನ್ನುವಳು. ಎರಡು ದಿನ ಬಿಟ್ಟು, “ಇಲ್ಲ ಕಣೆ, ಅತ್ತೆನೇ. ಎಂಗ್ ನೋಡ್ತಾವ್ಳೆ ನೋಡು,” ಎನ್ನುವಳು. ಕ್ಯಾಮೆರಾ ಯಾರ ಮುಖದ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೋ ಅವರೇ ಆ ದಿನದ ಅಪರಾಧಿ ಎಂಬುದನ್ನು ನಾನು ಗಮನಿಸಿದೆ. ಅವರು ಏನೂ ಮಾಡಿರಬೇಕಾಗಿಯೇ ಇರಲಿಲ್ಲ.

ಅದರ ಮೇಲೆ ಒಂದು ಬರಹ ಬರೆದೆ. ಬ್ಲಾಗ್ ಬರೆಯುವವರು ಥ್ರಿಲ್ಲರಿನಿಂದ ಏನು ಕಲಿಯಬಹುದು ಎಂಬುದು ವಿಷಯ. ಹವಾಮಾನದಿಂದ ಶುರು ಮಾಡಬೇಡಿ, ಅರ್ಧ ಕುಡಿದಿಟ್ಟ ಲೋಟದಿಂದ ಶುರು ಮಾಡಿ ಎಂದೆ. ಒಂದು ಪ್ರಶ್ನೆಗೆ ಉತ್ತರ ಕೊಡುವ ಮೊದಲು ಇನ್ನೊಂದನ್ನು ಹುಟ್ಟಿಸಿ ಎಂದೆ. ನಿಮಗೆ ಗೊತ್ತಿರುವುದನ್ನೆಲ್ಲ ಒಂದೇ ಸಲಕ್ಕೆ ಹೇಳಿಬಿಡಬೇಡಿ, ಒಂದನ್ನು ಕೈಯಲ್ಲಿ ಇಟ್ಟುಕೊಳ್ಳಿ, ಓದುವವರು ಅದಕ್ಕಾಗಿಯೇ ವಾಪಸು ಬರುತ್ತಾರೆ ಎಂದೆ. ತಮಾಷೆಯಾಗಿ ಬರೆದದ್ದು. ಯಾರೋ ಅದನ್ನು ಹಂಚಿದರು, ಅವರಿಂದ ಇನ್ನೊಬ್ಬರು. ಒಂದು ವಾರದಲ್ಲಿ ನಾನು ಮುಖ ನೋಡಿರದ ಎಷ್ಟೋ ಜನ ನನ್ನ ಬ್ಲಾಗಿಗೆ ಬರತೊಡಗಿದರು. ಅವ್ವನ ಬಸ್ಸಾರನ್ನು ಓದಲು ಅವರು ಬಂದಿರಲಿಲ್ಲ. ಮುಂದೇನು ಬರೆಯುವುದೆಂದು ನನಗೂ ತೋಚುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಅಕ್ಕ ಕಾಣೆಯಾದಳು.

ಅಕ್ಕನನ್ನು ಹೊಂಗನೂರಿಗೆ ಕೊಟ್ಟಿತ್ತು. ನನಗಿಂತ ಆರು ವರ್ಷ ದೊಡ್ಡವಳು. ಅವರದು ರೇಷ್ಮೆ ಹುಳು ಸಾಕುವ ಮನೆ. ಮಕ್ಕಳಿರಲಿಲ್ಲ. ಮಂಗಳವಾರ ಬೆಳಗ್ಗೆ ಎಂಟೂವರೆ ಬಸ್ಸಿಗೆ, ಹುಳುವಿನ ತಟ್ಟೆಗೆ ಹಾಸಲು ಹಳೇ ಪೇಪರ್ ತರುತ್ತೇನೆ ಎಂದು ಪಕ್ಕದ ಮನೆಯವರಿಗೆ ಹೇಳಿ ಚನ್ನಪಟ್ಟಣಕ್ಕೆ ಹೊರಟಿದ್ದಳು. ಸಂಜೆ ನಾಲ್ಕಕ್ಕೆ ಭಾವ ಅಂಗಡಿಗೆ ಫೋನ್ ಮಾಡಿದರು.

“ನಿಮ್ಮಕ್ಕ ಅಲ್ಲಿಗೇನಾರಾ ಬಂದವ್ಳಾ?”

“ಇಲ್ವಲ್ಲ ಭಾವ.”

“ಓ,” ಎಂದು ಫೋನ್ ಇಟ್ಟರು.

ಮರುದಿನ ಠಾಣೆಗೆ ಕೊಡುವ ದೂರನ್ನು ನಾನೇ ಟೈಪ್ ಮಾಡಿದೆ. ವಯಸ್ಸು ನಲವತ್ತನಾಲ್ಕು, ಗೋಧಿ ಮೈಬಣ್ಣ, ದುಂಡು ಮುಖ. ಎಷ್ಟೋ ಮನೆಗಳ ಕಷ್ಟವನ್ನು ಟೈಪ್ ಮಾಡಿದ್ದ ಕೈ, ಅದನ್ನೂ ಒಂದೂ ತಪ್ಪಿಲ್ಲದೆ ಮಾಡಿತು. ಭಾವ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ‘ಧರಿಸಿದ್ದ ಬಟ್ಟೆ’ ಎಂಬಲ್ಲಿಗೆ ಬಂದಾಗ ಕೇಳಿದೆ.

“ಯಾವ ಸೀರೆ ಉಟ್ಟಿದ್ಲು ಭಾವ?”

ಅವರು ನೆಲ ನೋಡಿದರು. “ಗೊತ್ತಿಲ್ಲ ಕಣವ್ವ. ನಾನು ಆರ್ ಗಂಟೆಗೇ ತೋಟಕ್ಕೋಗಿದ್ದೆ, ಎಲೆ ಕೊಯ್ಯಕ್ಕೆ. ಬರೋವೊತ್ಗೆ ಅವ್ಳು ಒಂಟೋಗಿದ್ಲು.”

ಅವರ ಜೊತೆ ಎಲೆ ಕೊಯ್ಯಲು ಇನ್ನಿಬ್ಬರಿದ್ದರು. ಹತ್ತು ಗಂಟೆಯವರೆಗೂ ಮೂವರೂ ಹಿಪ್ಪುನೇರಳೆ ಸಾಲಿನಲ್ಲೇ ಇದ್ದರು. ಇದು ಆ ದಿನವೇ ನನಗೆ ಗೊತ್ತಿತ್ತು.

ಅವ್ವ ಎರಡು ದಿನ ಅತ್ತಳು, ಆಮೇಲೆ ಗೋಡೆಗೆ ಒರಗಿ ಕೂತಳು. ನನಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮೊದಲು ವಸಡಿಗೆ ಸೂಜಿ ಚುಚ್ಚಿದಾಗ ಕೆನ್ನೆ ನಮ್ಮದಲ್ಲ ಎನ್ನಿಸುತ್ತದಲ್ಲ, ಹಾಗೆ ಮೈಯೆಲ್ಲ ಇತ್ತು. ಅಂಗಡಿಗೆ ಹೋದೆ, ಅರ್ಜಿಗಳನ್ನು ಟೈಪ್ ಮಾಡಿದೆ, ಮುದ್ದೆ ತಿರುವಿದೆ. ಐದನೆಯ ದಿನ ಮಧ್ಯಾಹ್ನ ಬ್ಲಾಗ್ ತೆರೆದು ಅಕ್ಕನ ಬಗ್ಗೆ ಬರೆದೆ.

ಯಾರಾದರೂ ಅವಳನ್ನು ನೋಡಿದ್ದರೆ ತಿಳಿಸಲಿ ಎಂದೇ ಬರೆದದ್ದು. ಇದನ್ನು ನಾನು ಇವತ್ತಿಗೂ ಹೇಳಿಕೊಳ್ಳುತ್ತೇನೆ. ಆದರೆ ಮೊದಲ ಸಾಲಿನಲ್ಲಿ ಬಂದದ್ದು ಅವಳ ಎತ್ತರವೂ ಅಲ್ಲ, ಬಸ್ಸಿನ ಸಮಯವೂ ಅಲ್ಲ. ಅವಳ ಅಡಿಗೆಮನೆಯಲ್ಲಿ ಮುದ್ದೆಗೆ ಇಟ್ಟ ನೀರು ಹಾಗೇ ಇತ್ತು, ಪಕ್ಕದಲ್ಲಿ ರಾಗಿಹಿಟ್ಟು ಅಳೆದಿಟ್ಟಿತ್ತು, ಒಲೆ ಹಚ್ಚಿರಲಿಲ್ಲ ಎಂದು ಶುರು ಮಾಡಿದ್ದೆ. ಕೊನೆಯಲ್ಲಿ ಅವಳ ಫೋಟೊ ಹಾಕಿದೆ. ಆ ದಿನ ಬಂದಷ್ಟು ಓದುಗರು ಅದಕ್ಕಿಂತ ಮೊದಲು ಒಟ್ಟು ಸೇರಿಸಿದರೂ ಬಂದಿರಲಿಲ್ಲ.

ಎರಡನೆಯದರಲ್ಲಿ ಸೀರೆಯ ಮಾತು ಬರೆದೆ. ಇಪ್ಪತ್ತೆರಡು ವರ್ಷ ಜೊತೆಗೆ ಬದುಕಿದ ಗಂಡನಿಗೆ ಅವತ್ತು ಹೆಂಡತಿ ಉಟ್ಟಿದ್ದ ಸೀರೆಯ ಬಣ್ಣ ಗೊತ್ತಿರಲಿಲ್ಲ ಎಂದು. ಅದು ನಿಜ. ಆದರೆ ಅವರು ತೋಟದಲ್ಲಿದ್ದರು ಎಂದು ಬರೆಯಲಿಲ್ಲ. ಮೂರನೆಯದನ್ನು ಹೀಗೆ ಮುಗಿಸಿದೆ: ‘ಅಂದು ಬೆಳಗ್ಗೆ ಆರರಿಂದ ಹತ್ತರವರೆಗೆ ಭಾವ ಎಲ್ಲಿದ್ದರು?’ ಉತ್ತರ ಗೊತ್ತಿದ್ದೂ ಕೈಯಲ್ಲಿ ಇಟ್ಟುಕೊಂಡೆ. ಬರೆಯುವಾಗ ಭಾವನ ಮೇಲೆ ನನಗೆ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಸಾಲು ಅಲ್ಲಿ ನಿಂತರೆ ಚೆನ್ನಾಗಿರುತ್ತದೆ ಎನ್ನಿಸಿತು, ನಿಲ್ಲಿಸಿದೆ.

ಕೆಳಗೆ ಜನ ಬರೆದರು. ತೋಟದಲ್ಲಿ ಅಗೆದು ನೋಡಿ ಎಂದು ಒಬ್ಬರು. ಗಂಡನ ಫೋನ್ ತೆಗೆಸಿ ಎಂದು ಇನ್ನೊಬ್ಬರು. ಕನಕಪುರದಿಂದ ಒಬ್ಬಾಕೆ, ಇಂಥ ಮೌನಿ ಗಂಡಸರನ್ನು ನಾನು ನೋಡಿದ್ದೇನೆ, ಅವರೇ ಮಾಡುವುದು ಎಂದು ಉದ್ದಕ್ಕೆ ಬರೆದಿದ್ದರು. ನಾನು ಎಲ್ಲವನ್ನೂ ಓದುತ್ತಿದ್ದೆ. ಸಂಜೆ ಅವ್ವನ ಪಕ್ಕ ಕೂರುತ್ತಿದ್ದೆ. ಅವ್ವ ಈಗ ಧಾರಾವಾಹಿ ನೋಡುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ನಾಲ್ಕನೆಯದನ್ನು ಹಾಕಿದೆ. ಭಾವ ತೋಟದಲ್ಲಿದ್ದರು, ಜೊತೆಗೆ ಇಬ್ಬರಿದ್ದರು, ಇದರಲ್ಲಿ ಅನುಮಾನವಿಲ್ಲ ಎಂದು ಸ್ಪಷ್ಟವಾಗಿಯೇ ಬರೆದೆ. ಅದನ್ನು ಯಾರೂ ಹಂಚಲಿಲ್ಲ. ಮೂರನೆಯದು ಮಾತ್ರ ಫೋನಿನಿಂದ ಫೋನಿಗೆ ಓಡಾಡುತ್ತಲೇ ಇತ್ತು.

ಅಷ್ಟರಲ್ಲಿ ಹೊಂಗನೂರಿನಲ್ಲಿ ಆಗಬೇಕಾದದ್ದು ಆಗಿತ್ತು. ಭಾವ ಡೇರಿಗೆ ಹಾಲು ಹಾಕಲು ನಿಂತಾಗ ಮುಂದಿನವರು ಮಾತು ನಿಲ್ಲಿಸುತ್ತಿದ್ದರಂತೆ. ಎಲ್ಲೆಲ್ಲಿಂದಲೋ ಜನ ಠಾಣೆಗೆ ಫೋನ್ ಮಾಡಿ ಕೇಳುತ್ತಿದ್ದರಿಂದ ಪೊಲೀಸರು ಅವರನ್ನು ಮತ್ತೆ ಎರಡು ಸಲ ಕರೆಸಿದರು. ಎರಡನೆಯ ಸಲ ಕರೆಸಿದ್ದು ಹುಳು ಹಣ್ಣಾದ ದಿನ. ಮೇವು ಬಿಟ್ಟು ಹಣ್ಣಾದ ಹುಳುವನ್ನು ಅಂದೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದಕ್ಕೆ ಮನೆ ತುಂಬ ಕೈ ಬೇಕು. ಪ್ರತಿ ಸಲ ಬರುತ್ತಿದ್ದ ನೆರೆಹೊರೆಯ ಹೆಂಗಸರು ಆ ಸಲ ಬರಲಿಲ್ಲ. ಭಾವ ಠಾಣೆಯಿಂದ ಮಧ್ಯಾಹ್ನ ವಾಪಸು ಹೋಗುವ ಹೊತ್ತಿಗೆ ಹುಳು ಎಲೆಯ ಕಸದಲ್ಲೇ, ಗೋಡೆಯ ಮೂಲೆಯಲ್ಲೇ ನೂಲು ಬಿಟ್ಟುಕೊಂಡಿದ್ದವು.

ಮರುದಿನ ಅವರು ಅಂಗಡಿಗೆ ಬಂದರು. ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಬಾಗಿಲ ಪಕ್ಕ ನಿಂತಿದ್ದರು.

“ನಿಂಗ್ ನಾನೇನ್ ಮಾಡಿದ್ದೆ ಹೇಳವ್ವ?” ಎಂದರು. ಗದರಿಸಲಿಲ್ಲ. ಅರ್ಜಿಗೆ ಎಷ್ಟು ದಿನ ಆಗುತ್ತದೆ ಎಂದು ಕೇಳುವ ಹಾಗೆ ಕೇಳಿದರು.

“ನಾಲ್ಕನೇದ್ರಲ್ಲಿ ಬರ್ದಿದೀನಿ ಭಾವ, ನೀವು ತೋಟದಲ್ಲಿದ್ರಿ ಅಂತ.”

“ಅದ್ನ ನಂಗ್ಯಾರೂ ತೋರಿಸ್ನಿಲ್ಲ,” ಎಂದು ಹೊರಟುಹೋದರು.

ಕುರ್ಚಿಯಲ್ಲಿ ಕೂತೇ ಇದ್ದೆ. ಏನಾದರೂ ಅನ್ನಿಸಬೇಕಿತ್ತು. ಮುಂದಿನ ಗಿರಾಕಿ ಆಧಾರ್ ಕಾರ್ಡಿನ ಎರಡು ಕಾಪಿ ಕೇಳಿದ. ತೆಗೆದುಕೊಟ್ಟೆ.

ಅದಾದ ಎಂಟನೆಯ ದಿನಕ್ಕೆ ಬ್ಲಾಗಿಗೆ ಒಂದು ಸಂದೇಶ ಬಂತು. ‘ಇದನ್ನು ಪ್ರಕಟಿಸಬೇಡಿ. ನಾನು ಮಾಗಡಿಯಲ್ಲಿ ಕಾಲೇಜು ಹುಡುಗಿಯರ ಒಂದು ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ನೀವು ಬರೆಯುತ್ತಿರುವವರು ನಮ್ಮಲ್ಲಿ ಅಡಿಗೆಗೆ ಇದ್ದಾರೆ. ಚೆನ್ನಾಗಿದ್ದಾರೆ. ಬರೆಯುವುದನ್ನು ನಿಲ್ಲಿಸಬೇಕಂತೆ.’

ಅವ್ವನಿಗೂ ಹೇಳದೆ ಹೊರಟೆ. ರಾಮನಗರದಲ್ಲಿ ಇಳಿದು ಮಾಗಡಿ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಬಂಡೆಗಳು ಬಂದವು, ಹೋದವು. ಅಕ್ಕ ಬದುಕಿದ್ದಾಳೆ ಎಂದು ಮನಸ್ಸಿನಲ್ಲೇ ಹೇಳಿ ನೋಡಿದೆ, ಟೈಪ್ ಮಾಡಿದ ಸಾಲನ್ನು ಗಿರಾಕಿಗೆ ಓದಿ ಹೇಳುವ ಹಾಗೆ.

ಹಾಸ್ಟೆಲಿನ ಹಿಂದುಗಡೆ ಅಡಿಗೆಮನೆ. ಅಕ್ಕ ಈಳಿಗೆ ಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

“ಬಂದ್ಯಾ,” ಎಂದಳು. “ಉಂಡ್ಯಾ?”

“ಇಲ್ಲ.”

“ಒಸಿ ತಡಿ. ಅನ್ನ ಆಯ್ತಾ ಐತೆ.”

ನಾನು ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅವಳು ಸ್ವಲ್ಪ ಮೈ ತುಂಬಿಕೊಂಡಿದ್ದಳು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದಳು.

“ಭಾವ ಏನಾರಾ ಅಂದ್ರಾ? ಹೊಡುದ್ರಾ?”

“ಇಲ್ಲ ಕಣೆ. ಒಂದ್ ದಿನಾನೂ ಕೈ ಎತ್ನಿಲ್ಲ. ಕೆಟ್ಟೋರಲ್ಲ ಅವ್ರು.”

“ಮತ್ಯಾಕೆ?”

ಅವಳು ಕೈಯಲ್ಲಿದ್ದ ಒಂದು ಹಿಡಿ ಹುರುಳಿಕಾಯಿ ಹೆಚ್ಚಿ ಮುಗಿಸಿದಳು. “ಹುಳ ಮೇವು ಬುಟ್ಟು ಪೊರೆ ಬುಡಕ್ಕೆ ಕೂತಾಗ ಜ್ವರ ಬಂದೈತೆ ಅಂತೀವಿ, ಮುಟ್ಬ್ಯಾಡ್ರಿ, ಅದ್ರ ಪಾಡ್ಗೆ ಬುಡ್ರಿ ಅಂತೀವಿ. ಇಪ್ಪತ್ತೆರಡ್ ವರ್ಷದಲ್ಲಿ ನಂಗ್ ಹಂಗೆ ಯಾರೂ ಅನ್ನಿಲ್ಲ. ಅವತ್ತು ಚನ್ನಪಟ್ಟಣದಲ್ಲಿ ಪೇಪರ್ ತಕ್ಕೊಳ್ದೆ ಇನ್ನೊಂದ್ ಬಸ್ ಹತ್ಬುಟ್ಟೆ. ರಾಮನಗರದ ಬಸ್‌ಸ್ಟ್ಯಾಂಡಲ್ಲಿ ಮಾಗಡಿ ಬಸ್ಸು ಕಾಲಿ ನಿಂತಿತ್ತು. ಕೂತ್ಕೊಂಡೆ. ಆಮೇಲೆ ಪಕ್ಕಕ್ಕೆ ಈ ಹಾಸ್ಟೆಲ್ ಮೇಡಮ್ಮು ಬಂದ್ ಕೂತ್ರು. ಅಡಿಗೇಗ್ ಜನ ಇಲ್ಲ ಅಂತ ಫೋನಲ್ಲಿ ಯಾರ್ಗೋ ಹೇಳ್ತಿದ್ರು.”

“ಒಂದ್ ಮಾತ್ ಹೇಳ್ಬೋದಿತ್ತು.”

“ಹೇಳಿದ್ರೆ ವಾಪಸ್ ಬತ್ತಿದ್ದೆ.” ಈಳಿಗೆಯ ಪಕ್ಕದ ರಾಶಿಯನ್ನು ಮುಂಗೈಯಿಂದ ತಳ್ಳಿದಳು. “ನೀನು ಎರಡೇ ವರ್ಷಕ್ಕೆ ಬಂದ್ಬುಟ್ಟೆ. ನಿನ್ ಬಗ್ಗೆ ನಾನೇನಾರಾ ಬರ್ಕೊಂಡ್ ಊರಿಗೆಲ್ಲ ಹಂಚಿದ್ನಾ?”

ನಾನು ಒಂದು ಹುರುಳಿಕಾಯಿ ತೆಗೆದುಕೊಂಡು ನಾರು ಬಿಡಿಸಿದೆ.

“ಇಲ್ಲಿ ಮಕ್ಕಳೇ ನಂಗೆ ಓದಕ್ಕೆ ಕೊಟ್ಟೋ,” ಎಂದಳು. “ಅಡಿಗೆ ಆಂಟಿ, ಈ ಕಥೆ ಸಕ್ಕತ್ತಾಗೈತೆ ಅಂತ. ಫೋಟೊ ಇತ್ತು, ಗುರ್ತು ಹಿಡೀಲಿಲ್ಲ ನೋಡು. ಮದ್ವೆ ಮನೇಲಿ ತೆಗ್ಸಿದ್ ಹಳೇದು. ಗಂಡ ಕೊಂದವ್ನೆ ಅಂತ ಒಂದು, ಇಲ್ಲ ಅಂತ ಒಂದು, ತಟ್ಟೆ ಮುಂದೆ ಜಗಳ. ನಾನು ಚಪಾತಿ ಲಟ್ಟಿಸ್ಕೊಂಡು ಕೇಳ್ತಿದ್ದೆ.”

ಅನ್ನದ ಗಂಜಿ ಉಕ್ಕಿತು. ಎದ್ದು ಉರಿ ಸಣ್ಣ ಮಾಡಿ ಬಂದು ಮತ್ತೆ ಕೂತಳು.

“ಅವ್ರು ತೋಟದಲ್ಲಿದ್ದಿದ್ದು ನಿಂಗ್ ಗೊತ್ತಿತ್ತಲ್ಲ.”

“ಗೊತ್ತಿತ್ತು.”

“ಮತ್ ಮೊದ್ಲೇ ಯಾಕ್ ಬರೀಲಿಲ್ಲ?”

“ಮುಂದಿನ ಕಂತಿಗೆ ಅಂತ ಇಟ್ಕೊಂಡಿದ್ದೆ.”

ಅಕ್ಕ ನನ್ನನ್ನು ನೋಡಿದಳು. ಚಿಕ್ಕವರಿದ್ದಾಗ ನನಗೆ ಜ್ವರ ಬಂದರೆ ಹಣೆ ಮುಟ್ಟಿ ಹೀಗೆಯೇ ನೋಡುತ್ತಿದ್ದಳು. ಆಮೇಲೆ ಹುರುಳಿಕಾಯಿಗೆ ಕೈ ಹಾಕಿದಳು. ನಾನು ಅಲ್ಲೇ ಉಂಡೆ. ಸಾರು ಅವ್ವನದೇ ರುಚಿ. ಮೂರು ಸಲ ಬಡಿಸಿದಳು.

ಬರುವ ಸೋಮವಾರ ಠಾಣೆಗೆ ಬಂದು ಹೇಳಿಕೆ ಕೊಡುತ್ತೇನೆ, ಅಲ್ಲಿಯವರೆಗೆ ಜಾಗ ಯಾರಿಗೂ ಹೇಳಬೇಡ ಎಂದಳು. ಹಾಗೇ ಬಂದಳು, ಹಾಸ್ಟೆಲಿನ ಮೇಡಂ ಜೊತೆ. ಸ್ವಂತ ಇಷ್ಟದಿಂದ ಹೋಗಿದ್ದೇನೆ, ಯಾರ ಮೇಲೂ ದೂರಿಲ್ಲ ಎಂದು ಹೇಳಿ ಸಹಿ ಹಾಕಿದಳು. ಅವ್ವ ಅವಳ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದಳು. ಭಾವ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕಾಂಪೌಂಡಿನ ಮರದ ಕೆಳಗೆ ಗಂಡ ಹೆಂಡತಿ ಒಂದು ನಿಮಿಷ ಎದುರುಬದುರು ನಿಂತರು.

“ಚೆನ್ನಾಗಿದೀಯಾ?”

“ಹೂಂ.”

“ಈ ಸಲದ್ ಹುಳ ಕೈಗ್ ಹತ್ತಲಿಲ್ಲ.”

“ಗೊತ್ತಾಯ್ತು.”

ಇನ್ನೇನೋ ಹೇಳುವರೇನೋ ಎಂದು ನಾನು ಕಾಯುತ್ತಿದ್ದೆ. ಅವರು ಚಪ್ಪಲಿಯ ಮಣ್ಣನ್ನು ಕಟ್ಟೆಗೆ ಕೆರೆದು, “ಬತ್ತೀನಿ,” ಎಂದು ಗಾಡಿ ಹತ್ತಿದರು. ಅಕ್ಕ ಮಾಗಡಿಗೆ ವಾಪಸು ಹೋದಳು. ಈಗಲೂ ಅಲ್ಲೇ ಇದ್ದಾಳೆ. ಎರಡು ತಿಂಗಳಿಗೊಮ್ಮೆ ಭಾನುವಾರ ಅವ್ವನನ್ನು ನೋಡಲು ಬರುತ್ತಾಳೆ, ಸಂಜೆ ನಾಲ್ಕರ ಬಸ್ಸಿಗೆ ಹೊರಡುತ್ತಾಳೆ.

ಬ್ಲಾಗಿನಲ್ಲಿ ಕೊನೆಯದಾಗಿ ಒಂದು ಬರೆದೆ. ಅಕ್ಕ ಬದುಕಿದ್ದಾಳೆ, ತಾನಾಗಿಯೇ ಹೋದಳು, ಭಾವ ಯಾವ ತಪ್ಪೂ ಮಾಡಿಲ್ಲ, ತಪ್ಪು ನನ್ನದು ಎಂದು. ಮೊದಲ ಸಾಲಿನಲ್ಲೇ ಎಲ್ಲವನ್ನೂ ಹೇಳಿದೆ. ಇಷ್ಟೇನಾ ಎಂದು ಒಬ್ಬರು ಬರೆದರು. ಶುರು ಚೆನ್ನಾಗಿತ್ತು, ಕ್ಲೈಮ್ಯಾಕ್ಸ್ ಸಪ್ಪೆ ಎಂದು ಇನ್ನೊಬ್ಬರು. ಕನಕಪುರದ ಆ ಹೆಂಗಸು, ನಿಮ್ಮ ಮೇಲೆ ಒತ್ತಡ ಹಾಕಿ ಬರೆಸಿದ್ದಾರೆ, ನಮಗೆ ಅರ್ಥವಾಗುತ್ತದೆ, ಧೈರ್ಯವಾಗಿರಿ ಎಂದು ಬರೆದರು. ಹಳೆಯ ನಾಲ್ಕನ್ನೂ ತೆಗೆದುಹಾಕಿದೆ. ಆಮೇಲೆ ಬ್ಲಾಗನ್ನೇ ಮುಚ್ಚಿದೆ.

ಹೊಂಗನೂರಿಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಭಾವ ಹುಳುವಿನ ಮನೆಯಲ್ಲಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದರು.

“ತಪ್ಪಾಯ್ತು ಭಾವ,” ಎಂದೆ.

“ಬುಡವ್ವ,” ಎಂದರು. ಇನ್ನೊಂದು ತಟ್ಟೆಗೆ ಕೈ ಹಾಕಿ, “ಆ ಕಡೇದ್ ಹಿಡ್ಕೊ,” ಎಂದರು.

ದೊಡ್ಡ ತಟ್ಟೆಯ ಒಂದು ಕಡೆ ಅವರು, ಒಂದು ಕಡೆ ನಾನು ಹಿಡಿದು ಎಲ್ಲವನ್ನೂ ಹೊರಗೆ ಸಾಗಿಸಿದೆವು. ಹನ್ನೆರಡು ಗಂಟೆಯಾಯಿತು. ಅವರೇ ಮುದ್ದೆ ಮಾಡಿ, ಸೊಪ್ಪಿನ ಸಾರು ಬಡಿಸಿದರು. ಮುದ್ದೆ ಸ್ವಲ್ಪ ಗಂಟಾಗಿತ್ತು. ಇಬ್ಬರೂ ಉಂಡೆವು. ಕ್ಷಮಿಸಿದರೋ, ಬಂದವಳಿಗೆ ಊಟ ಹಾಕಬೇಕು ಎಂದು ಹಾಕಿದರೋ, ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಹೋದ ತಿಂಗಳು ಅಂಗಡಿಗೆ ಇಬ್ಬರು ಹೆಂಗಸರು ರೇಷನ್ ಕಾರ್ಡಿನ ಕಾಪಿ ತೆಗೆಸಲು ಬಂದಿದ್ದರು. ಯಂತ್ರ ಬಿಸಿಯಾಗುವವರೆಗೆ ಒಬ್ಬಳು ಫೋನಿನಲ್ಲಿ ಏನೋ ತೋರಿಸಿ ಇನ್ನೊಬ್ಬಳಿಗೆ ಹೇಳಿದಳು. “ಇದೇ ನೋಡು, ಹೊಂಗನೂರಿನೋನು ಎಂಡ್ತಿನ ಏನೋ ಮಾಡ್ಬುಟ್ಟವ್ನಂತೆ. ಅವತ್ ಬೆಳಗ್ಗೆ ಎಲ್ಲಿದ್ದ ಅಂತಾನೇ ಯಾರ್ಗೂ ಗೊತ್ತಿಲ್ವಂತೆ.”

ನಾನು ಮೂರನೆಯ ಕಂತನ್ನು ದೂರದಿಂದಲೇ ಗುರುತಿಸಿದೆ. ಬ್ಲಾಗ್ ಮುಚ್ಚುವ ಮೊದಲೇ ಯಾರೋ ಸ್ಕ್ರೀನ್‌ಶಾಟ್ ತೆಗೆದಿಟ್ಟದ್ದು, ಅಕ್ಷರ ನನ್ನ ಬ್ಲಾಗಿನದೇ.

“ಅವ್ಳು ಬದುಕವ್ಳೆ,” ಎಂದೆ. “ನಮ್ಮಕ್ಕ ಅವಳು. ಮಾಗಡೀಲಿ ಅಡಿಗೆ ಮಾಡ್ಕೊಂಡ್ ಚೆನ್ನಾಗವ್ಳೆ. ಅದನ್ನ ಬರ್ದಿದ್ದು ನಾನೇ.”

ಅವಳು ನನ್ನ ಮುಖ ನೋಡಿದಳು, ಫೋನ್ ನೋಡಿದಳು. ಜೊತೆಗಿದ್ದವಳು ಅವಳ ಮೊಣಕೈಯನ್ನು ಮೆಲ್ಲಗೆ ತಿವಿದಳು.

“ಇರ್ಬೋದು ಬುಡಿ ಅಕ್ಕ,” ಎಂದಳು ಫೋನಿನವಳು, ಹುಚ್ಚರಿಗೆ ಹೇಳುವ ದನಿಯಲ್ಲಿ. “ನಮ್ದು ಎರಡೆರಡು ಕಾಪಿ.”

ಕಾರ್ಡನ್ನು ಗಾಜಿನ ಮೇಲೆ ಮಗುಚಿ ಇಟ್ಟು ಮುಚ್ಚಳ ಹಾಕಿದೆ.